ಕ್ಯಾಂಪು ಎಂಬ ಊರು

ಭದ್ರೆಯ ದಡದ ನಮ್ಮ ಹೊಳೆಹೊನ್ನೂರಿನ ಬಸ್ ನಿಲ್ದಾಣದಲ್ಲಿ ನಿಂತು, ಕಂಡಕ್ಟರುಗಳು ಕೂಗುವ ಊರುಗಳ ನಾಮಾವಳಿಗೆ ಕಿವಿಗೊಟ್ಟರೆ, ಕೂಡ್ಲಿ, ಆನವೇರಿ, ಅರಹತೊಳಲು, ಕೈಮರ ಎಂಬ ಹಳೆಯ ಹೆಸರುಗಳ ನಡುವೆ ಅರಬಿಳಚಿ ಕ್ಯಾಂಪ್, ಅಗರದಹಳ್ಳಿ ಕ್ಯಾಂಪ್ ಎಂಬ ಹೆಸರುಗಳೂ ಯಾವ ಸಂಕೋಚವಿಲ್ಲದೆ ಸೇರಿಕೊಂಡಿರುವುದು ತಿಳಿಯುತ್ತದೆ. ಗುಡಿ, ಹಿತ್ತಿಲು, ಗದ್ದೆ, ತೋಟಗಳಿಂದ ಕೂಡಿ ನೆಲೆಗೊಂಡ ಊರೊಂದನ್ನು, ಇಂದು ಗೂಟ ಹೊಡೆದು ನಾಳೆ ಕಿತ್ತುಕೊಂಡು ಹೊರಡುವವರ ಬಿಡಾರಕ್ಕೆ ಸಲ್ಲತಕ್ಕ ಹೆಸರಿನಿಂದ ಕರೆಯುವುದು ವಿಚಿತ್ರವೆಂದು ಅಲ್ಲಿಯವರಿಗಾಗಲಿ ನಮಗಾಗಲಿ ಎಂದೂ ತೋರಿದ್ದಿಲ್ಲ.

ಈ ಶಬ್ದವು ಕನ್ನಡದಲ್ಲಿ ನಡೆಸಿರುವ ಸಂಸಾರ ಬಹು ದೊಡ್ಡದು. ತಾಲ್ಲೂಕು ಕಚೇರಿಯ ಮೆಟ್ಟಿಲೇರಿದ ರೈತನಿಗೆ ಜವಾನನು ತಲೆಯೆತ್ತದೆ ಕೊಡುವ ಉತ್ತರ, “ಸಾಹೇಬರು ಕ್ಯಾಂಪಿನಲ್ಲಿದ್ದಾರೆ” ಎಂಬುದು. ಅಲ್ಲಿ ಅದರ ಅರ್ಥ, ಇಲ್ಲಿ ಇಲ್ಲ ಎಂದಷ್ಟೇ, ಎಲ್ಲಿದ್ದಾರೆಂಬುದನ್ನು ಆ ಪದ ಹೇಳುವುದಿಲ್ಲ. ಅದೇ ಸಾಹೇಬರು ಪ್ರವಾಸದಲ್ಲಿದ್ದು ಬರೆಸಿದ ಪತ್ರದ ನೆತ್ತಿಯ ಮೇಲೆ “ಕ್ಯಾಂಪ್: ಶಿವಮೊಗ್ಗ” ಎಂದಿರುತ್ತದೆ. ವೃತ್ತಿರಂಗಭೂಮಿಯ ನಾಟಕದ ಕಂಪನಿಗಳು ಜಾತ್ರೆಯಿಂದ ಜಾತ್ರೆಗೆ ಹೋಗಿ, ತಗಡಿನ ಥಿಯೇಟರು ಎಬ್ಬಿಸಿ, ಗಲ್ಲಾಪೆಟ್ಟಿಗೆ ತುಂಬುವವರೆಗೆ ನಿಂತು, ತುಂಬದಿದ್ದರೆ ಸಾಲ ಹೊತ್ತು ಮುಂದಿನ ಊರಿಗೆ ಸಾಗುವುದಕ್ಕೂ ಕ್ಯಾಂಪು ಎಂದೇ ಹೆಸರು. ಕಣ್ಣಿನ ಪೊರೆ ಪರೀಕ್ಷಿಸಲು ಶಾಲೆಯ ಕೊಠಡಿಯಲ್ಲಿ ವೈದ್ಯರು ಕೂಡುವುದೂ ಕ್ಯಾಂಪೇ. ಇವೆಲ್ಲದರಲ್ಲಿಯೂ ಸಮಾನವಾದ ಗುಣ ಒಂದು: ಇದು ಮುಗಿಯತಕ್ಕದ್ದು.

ಮುಗಿಯದ ಕ್ಯಾಂಪುಗಳನ್ನು ಕಾಣಬೇಕಾದರೆ ಹೊಳೆಯ ಜೊತೆಯಲ್ಲಿಯೇ ಕೆಳಗೆ ಇಳಿಯಬೇಕು. ನಮ್ಮ ಊರಿನ ಸಮೀಪದ ಕೂಡ್ಲಿಯಲ್ಲಿ ತುಂಗೆಯನ್ನು ಕೂಡಿ ಎರಡು ಹೆಸರನ್ನೂ ಉಳಿಸಿಕೊಂಡು ಮುಂದೆ ಹರಿಯುವ ಭದ್ರೆಯ ನೀರು, 1953ರಲ್ಲಿ ಹೊಸಪೇಟೆಯ ಬಳಿ ಕಟ್ಟೆಗೆ ಸಿಕ್ಕಿ ಎಡದಂಡೆಯ ಕಾಲುವೆಗೆ ಹೊರಳಿತಷ್ಟೆ. ಆ ಕಾಲುವೆಯ ನೀರು ಮುಟ್ಟಿದ ಗಂಗಾವತಿ, ಸಿಂಧನೂರುಗಳ ಕಪ್ಪು ನೆಲಕ್ಕೆ ಮೊದಲು ಆಂಧ್ರದ ಬತ್ತದ ರೈತರು ಬಂದರು, ಅವರು ನೆಲೆಸಿದ ಹಳ್ಳಿಗಳಿಗೆ ಕ್ಯಾಂಪುಗಳೆಂದು ಹೆಸರಾಯಿತು. ತರುವಾಯ, ಪೂರ್ವ ಪಾಕಿಸ್ತಾನದಲ್ಲಿ ಮನೆಮಠಗಳನ್ನು ತೊರೆದು ಓಡಿಬಂದ ಬಂಗಾಳಿ ಹಿಂದೂ ಕುಟುಂಬಗಳಿಗೆ ಸರಕಾರವು ಸಿಂಧನೂರು ತಾಲ್ಲೂಕಿನಲ್ಲಿ ಜಮೀನು ಕೊಟ್ಟು ಪುನರ್ವಸತಿ ಕಲ್ಪಿಸಿತು. ಆ ಪುನರ್ವಸತಿಯ ಇಂಗ್ಲಿಷು ಹೆಸರು ಎರಡಕ್ಷರಕ್ಕೆ ಕುಗ್ಗಿ, ಸಂಖ್ಯೆಯೊಂದನ್ನು ಬಾಲಕ್ಕೆ ಕಟ್ಟಿಕೊಂಡು, ಆರ್.ಎಚ್. ಕ್ಯಾಂಪ್ ಆಗಿ ನಿಂತಿದೆ. ಗಂಗೆಯ ಮುಖಜ ಭೂಮಿಯಲ್ಲಿ ಬತ್ತ ಬೆಳೆದು ಮೀನು ಹಿಡಿದ ಜನಕ್ಕೆ ಬಿಸಿಲುಸೀಮೆಯ ಎರೆಮಣ್ಣು ಅಪರಿಚಿತವಾದರೂ ಕಾಲುವೆಯ ನೀರೂ ಬತ್ತದ ಸಸಿಯೂ ಪರಿಚಿತವಾಗಿದ್ದುವು. ಮನೆಯಲ್ಲಿ ಬಂಗಾಳಿಯನ್ನೂ ಸಂತೆಯಲ್ಲಿ ಕನ್ನಡವನ್ನೂ ಆಡುವ ಅವರಲ್ಲಿ ಕೆಲವರಿಗೆ ಭಾರತದ ಪೌರತ್ವದ ಪತ್ರ ಕೈಗೆ ಬಂದುದು 2024ರಲ್ಲಿ. ಊರು ಅವರನ್ನು ಒಪ್ಪಿಕೊಂಡು ಎಷ್ಟೋ ಕಾಲವಾದ ಮೇಲೆ ಕಾಗದವು ಒಪ್ಪಿಕೊಂಡಿತು.

ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ನಿರಾಶ್ರಿತನಾರು ಎಂಬುದನ್ನು 1951ರ ವಿಶ್ವಸಂಸ್ಥೆಯ ಒಡಂಬಡಿಕೆಯು ಬಹು ಎಚ್ಚರದಿಂದ ನಿರ್ವಚಿಸಿದೆ. ಜನಾಂಗ, ಧರ್ಮ, ರಾಷ್ಟ್ರೀಯತೆ, ಸಮುದಾಯ, ರಾಜಕೀಯ ಅಭಿಪ್ರಾಯ ಇವುಗಳ ದೆಸೆಯಿಂದ ಹಿಂಸೆಯ ಭಯವಿದ್ದವನು ಮಾತ್ರವೇ ನಿರಾಶ್ರಿತ, ಹೊಟ್ಟೆಪಾಡಿಗೆ ಬಂದವನು ಅಲ್ಲ. ಭಾರತವು ಅದಕ್ಕೆ ಸಹಿ ಹಾಕಿಲ್ಲ. ನಮ್ಮ ಜನದ ನಾಲಿಗೆಯಂತೂ ಆ ಭೇದವನ್ನೇ ಮಾಡಲಿಲ್ಲ. ಕೈಯಲ್ಲಿ ಹಣವಿದ್ದು ಎಕರೆಗಟ್ಟಲೆ ಕೊಂಡ ಆಂಧ್ರದ ರೈತನ ಊರೂ, ಉಟ್ಟ ಬಟ್ಟೆಯಲ್ಲಿ ಬಂದ ಬಂಗಾಳಿಯ ಊರೂ ಅದಕ್ಕೆ ಒಂದೇ ಕ್ಯಾಂಪು. ಇದು ಅಜ್ಞಾನವೆಂದು ಪಂಡಿತರು ಹೇಳಬಹುದು. ನನಗಾದರೋ, ಬಂದವನ ಹಿಂದಣ ಕಥೆಯನ್ನು ಕೇಳುವುದಕ್ಕಿಂತ ಮುಂಚೆ ಅವನ ಊರಿಗೆ ಹೋಗುವ ದಾರಿಯನ್ನು ತಿಳಿದುಕೊಳ್ಳುವ ಈ ರೀತಿಯೇ ಮೇಲೆನಿಸುತ್ತದೆ.

ಹಾಗೆ ನೋಡಿದರೆ, ತಂಗುದಾಣದ ಹೆಸರು ಊರಿನ ಹೆಸರಾಗುವುದು ಕನ್ನಡಕ್ಕೆ ಹೊಸದೂ ಅಲ್ಲ. ಸೈನ್ಯವು ಇಳಿದ ಸ್ಥಳ ಬೀಡು. ಬೀಡುಬಿಡುವುದೆಂದರೆ ಇಂದಿಗೂ ತಂಗುವುದೆಂದೇ ಅರ್ಥ. ಆದರೆ ಚಾಲುಕ್ಯರ ಶಾಸನಗಳಲ್ಲಿ ಅರಸನು ನೆಲೆವೀಡಿನಿಂದ ರಾಜ್ಯವಾಳುವನು. ಬೀಡಿಗೆ ನೆಲೆಯೆಂಬ ಒಂದು ಮಾತನ್ನು ಸೇರಿಸಿ ಡೇರೆಯನ್ನು ರಾಜಧಾನಿಯನ್ನಾಗಿ ಮಾಡಿದ ನಮ್ಮ ಪೂರ್ವಿಕರ ಜಾಣ್ಮೆಗೆ ತಲೆದೂಗಬೇಕು. ಹೊಯ್ಸಳರ ದೋರಸಮುದ್ರವು ಹಾಳಾದ ಬಳಿಕ ಹಳೇಬೀಡೆನಿಸಿತು. ಪಾಳೆಯವೂ ದಂಡಿನ ತಾಣವೇ. ಅದು ಪಾಳ್ಯವಾಗಿ ಬೆಂಗಳೂರಿನ ಬಡಾವಣೆಗಳ ತುಂಬ ಹರಡಿರುವುದನ್ನು ಯಾರು ಅರಿಯರು? ಧಾನ್ಯವನ್ನೂ ಉಪ್ಪನ್ನೂ ಎತ್ತಿನ ಮೇಲೆ ಹೇರಿಕೊಂಡು ದೇಶದುದ್ದಕ್ಕೂ ಸಾಗುತ್ತಿದ್ದ ಲಂಬಾಣಿಗಳ ತಾಂಡಾ ಚಲಿಸುವ ಸಮೂಹವಾಗಿದ್ದುದು ನಿಂತ ಊರಾಯಿತು.

ಹಳೆಯ ಪಾಳ್ಯವೂ ಹೊಸ ಕ್ಯಾಂಪೂ ಒಂದೆಡೆ ಬಂದು ಸೇರುವ ಸ್ಥಳವೊಂದಿದೆ, ಅದು ಕೊಳ್ಳೇಗಾಲದಾಚೆಯ ಒಡೆಯರಪಾಳ್ಯ. ಹೆಸರಿನಲ್ಲಿ ಪಾಳ್ಯವಿದ್ದ ಆ ಊರಿನ ಬಳಿ, 1970ರ ದಶಕದಲ್ಲಿ ಟಿಬೇಟಿನವರಿಗಾಗಿ ಮತ್ತೊಂದು ವಸತಿ ಏರ್ಪಟ್ಟಿತು. 1959ರಲ್ಲಿ ದಲೈ ಲಾಮಾ ಅವರು ಹಿಮಾಲಯವನ್ನು ದಾಟಿ ಬಂದಮೇಲೆ, ನೆಹರೂ ಅವರ ಕೋರಿಕೆಗೆ ಓಗೊಟ್ಟು ಅಂದಿನ ಮೈಸೂರು ರಾಜ್ಯವು ಬೈಲಕುಪ್ಪೆಯಲ್ಲಿ ಸುಮಾರು 3000 ಎಕರೆ ಕಾಡುನೆಲವನ್ನು ಕೊಟ್ಟಿತು. 1960ರ ಕೊನೆಯಲ್ಲಿ ಮೊದಲ ತಂಡ ಅಲ್ಲಿಗೆ ಬಂದು, ಹಿಮದ ನಾಡಿನ ದೇಹಗಳನ್ನು ದಕ್ಷಿಣದ ಸೆಕೆಗೊಡ್ಡಿ, ಆನೆ ಹಂದಿಗಳೊಡನೆ ಸೆಣಸಿ, ಮರ ಕಡಿದು ಮುಸುಕಿನ ಜೋಳ ಬಿತ್ತಿತು. 1966ರಲ್ಲಿ ಮುಂಡಗೋಡಿನಲ್ಲಿಯೂ 1972ರಲ್ಲಿ ಹುಣಸೂರಿನ ಗುರುಪುರದಲ್ಲಿಯೂ ಅಂತಹವೇ ವಸತಿಗಳಾದುವು. ಲಾಸಾದ ಸೆರಾ ಮಹಾವಿಹಾರವು ಬೈಲಕುಪ್ಪೆಯಲ್ಲಿ, ಡ್ರೆಪುಂಗ್ ಮತ್ತು ಗಾಂಡೆನ್ ವಿಹಾರಗಳು ಮುಂಡಗೋಡಿನಲ್ಲಿ ಮರುಹುಟ್ಟು ಪಡೆದುವು; ನಾಗಾರ್ಜುನನ ತರ್ಕವನ್ನು ಚಪ್ಪಾಳೆ ತಟ್ಟಿ ವಾದಿಸುವ ಭಿಕ್ಷುಗಳ ಆ ವಿದ್ಯಾಪೀಠಗಳ ವಿಳಾಸವೂ ಮುಂಡಗೋಡಿನವರ ಬಾಯಲ್ಲಿ “ಲಾಮಾ ಕ್ಯಾಂಪ್” ಎಂದೇ. ಕುಶಾಲನಗರದ ವರ್ತಕನಿಗೆ ಅವರು ಗಿರಾಕಿಗಳು, ಸುತ್ತಲಿನ ಹಳ್ಳಿಯ ಕೂಲಿಗೆ ಅವರು ಧಣಿಗಳು, ಚಳಿಗಾಲ ಬಂತೆಂದರೆ ಊರೂರಿನ ರಸ್ತೆಯ ಬದಿಯಲ್ಲಿ ಸ್ವೆಟರು ಮಾರುವ ಪರಿಚಿತರು. ನಡುವೆ ಜಗಳಗಳೇ ಇಲ್ಲವೆಂದು ನಾನು ಹೇಳಲಾರೆ, ನೆರೆಹೊರೆಯೆಂದ ಮೇಲೆ ಅವೂ ಉಂಟು.

ನಮ್ಮ ಜಿಲ್ಲೆಯವರು ಇದನ್ನು ಓದಿ ಹೆಮ್ಮೆಪಡುವ ಮುನ್ನ ಶರಾವತಿಯ ಕಡೆಗೊಮ್ಮೆ ತಿರುಗಬೇಕು. 1964ರಲ್ಲಿ ಲಿಂಗನಮಕ್ಕಿಯ ಕಟ್ಟೆ ಮುಗಿದು ಕಣಿವೆಯ ಹಳ್ಳಿಗಳು ನೀರಿನಡಿಯಾದಾಗ, ಅಲ್ಲಿಯ ಕುಟುಂಬಗಳನ್ನು ಲಾರಿಗಳಲ್ಲಿ ತುಂಬಿ ತಂದು ಕಾಡಿನ ನಡುವೆ ಇಳಿಸಿದ ಕಥೆಯನ್ನು ಈ ಸೀಮೆಯ ಹಿರಿಯರು ಇಂದಿಗೂ ಹೇಳುತ್ತಾರೆ. ಅವರು ಗಡಿಯನ್ನು ದಾಟಿರಲಿಲ್ಲ, ಯಾವ ಶತ್ರುವಿಗೂ ಅಂಜಿ ಓಡಿರಲಿಲ್ಲ. ನಾಡಿಗೆ ದೀಪ ಹತ್ತಲೆಂದು ಮನೆಯನ್ನು ಬಿಟ್ಟವರು. ಅವರಿಗೆ ದೊರೆತ ಹೆಸರು ಕ್ಯಾಂಪಿನವರು ಎಂದೂ ಅಲ್ಲ, “ಮುಳುಗಡೆಯವರು” ಎಂದು; ಮುಂದೆ ನೆಲೆಸಿದ ಸ್ಥಳವನ್ನು ಬಿಟ್ಟು ಹಿಂದೆ ಕಳೆದುಕೊಂಡದ್ದನ್ನೇ ಹೇಳುವ ಹೆಸರು. ಅವರಲ್ಲಿ ಅನೇಕರು ಉಳುವ ನೆಲವು ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿದು, ಹಕ್ಕುಪತ್ರದ ವ್ಯಾಜ್ಯ ಮೂರನೆಯ ತಲೆಮಾರಿಗೆ ಬಂದಿದೆ. ದೂರದವನಿಗೆ ತೋರಿದ ಔದಾರ್ಯವನ್ನು ಸರಕಾರವು ಹತ್ತಿರದವನಿಗೆ ತೋರಲಿಲ್ಲವೆಂಬುದು ಕಹಿಯಾದ ಮಾತು, ಆದರೂ ದಿಟ.

ಕರ್ನಾಟಕದ ಭೂಕಂದಾಯ ಕಾನೂನಿನಲ್ಲಿ ಈಚೆಗೆ, ದಾಖಲೆಯಿಲ್ಲದ ಜನವಸತಿಗಳನ್ನು ಕಂದಾಯ ಗ್ರಾಮಗಳನ್ನಾಗಿ ಮಾಡಿ ನಿವಾಸಿಗಳಿಗೆ ಹಕ್ಕುಪತ್ರ ಕೊಡುವ ವ್ಯವಸ್ಥೆಯೊಂದು ಸೇರಿದೆ. ಆ ವಸತಿಗಳ ಪಟ್ಟಿಯಲ್ಲಿ ತಾಂಡಾ, ಹಟ್ಟಿ, ಹಾಡಿ, ದೊಡ್ಡಿಗಳೊಡನೆ ಪಾಳ್ಯವೂ ಕ್ಯಾಂಪೂ ಅಕ್ಕಪಕ್ಕದಲ್ಲಿ ಕುಳಿತಿವೆ. ಸರ್ವೆಯ ಸರಪಳಿ ಹಿಡಿದು ಅಲ್ಲಿಗೆ ಹೋಗುವ ಅಧಿಕಾರಿಗಳಲ್ಲಿ ನನ್ನದೊಂದು ಬಿನ್ನಹ: ಪತ್ರವನ್ನು ಬೇಗ ಕೊಡಿರಿ, ಮುಳುಗಡೆಯವರಿಗೆ ಮೊದಲು ಕೊಡಿರಿ, ಊರಿಗೆ ಹೊಸ ಹೆಸರಿಡುವ ಉತ್ಸಾಹ ಬಂದರೆ ಮಾತ್ರ, ಕ್ಯಾಂಪೆಂಬುದು ಬೇಕೋ ಬೇಡವೋ ಎಂದು ಅಲ್ಲಿ ವಾಸವಾಗಿರುವವರನ್ನೇ ಕೇಳಿರಿ.