ಪುಣಜನೂರು ಗ್ರಾಮ ಪಂಚಾಯಿತಿ

ಚಾಮರಾಜನಗರ ತಾಲ್ಲೂಕಿನ ಗಡಿಗ್ರಾಮ, ಪಂಚಾಯಿತಿ ಕೇಂದ್ರ. ಬೆಂಗಳೂರು–ಕೊಯಮತ್ತೂರು ರಾಷ್ಟ್ರೀಯ ಹೆದ್ದಾರಿ 948 (ಹಿಂದಿನ 209) ಊರನ್ನು ದಾಟಿ ತಮಿಳುನಾಡಿನ ಹಾಸನೂರಿನತ್ತ ಹೋಗುತ್ತದೆ. ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ಇಲ್ಲಿದೆ. ಆನೆಗಳು ಕಬ್ಬಿನ ಲಾರಿಗೆ ಅಡ್ಡ ನಿಂತು ಜಲ್ಲೆ ಎಳೆದುಕೊಳ್ಳುವುದು ಈ ರಸ್ತೆಗೆ ಹೊಸ ಸುದ್ದಿಯಲ್ಲ.

1799ರಲ್ಲಿ ಟಿಪ್ಪು ಮಡಿದ ಮೇಲೆ ಕೊಯಮತ್ತೂರು ಸೀಮೆ ಕಂಪನಿಗೆ ಸೇರಿ, ಈ ಭಾಗ ಮೈಸೂರು ಸಂಸ್ಥಾನದ ಅಂಚಾಯಿತು. 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಬಂದರೂ ಕನ್ನಡ ಮಾತಿನ ತಾಳವಾಡಿ ಮದ್ರಾಸ್ ರಾಜ್ಯದಲ್ಲೇ ಉಳಿಯಿತು. ಚಾಮರಾಜನಗರ ಜಿಲ್ಲೆಯಾದದ್ದು 1997ರಲ್ಲಿ.

ಪಂಚಾಯಿತಿ ಆಡಳಿತ ಇಲ್ಲಿಗೂ ರಾಜ್ಯದ ಕಾನೂನುಗಳ ಬೆನ್ನಿಗೇ ಬಂತು: 1959ರ ಕಾಯ್ದೆ, ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬರ ಕಾಲದ 1983ರ ಮಂಡಲ ಪಂಚಾಯಿತಿ ಕಾಯ್ದೆ (ಚುನಾವಣೆ 1987), ಕಡೆಗೆ ಈಗಿನ 1993ರ ಪಂಚಾಯತ್ ರಾಜ್ ಕಾಯ್ದೆ. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಪರಿಶಿಷ್ಟ ಜಾತಿ, ಪಂಗಡ, ಮಹಿಳೆಯರಿಗೆ ಮೀಸಲು.

ಆದರೆ ಕಾಗದದ ಮೇಲಿನ ಈ ಅಧಿಕಾರ ಕಾಡಂಚಿಗೆ ಬಂದು ನಿಂತುಬಿಡುತ್ತದೆ. ಸುತ್ತಲ ಬಿಳಿಗಿರಿರಂಗನ ಬೆಟ್ಟದ ಕಾಡು 1974ರಲ್ಲಿ ವನ್ಯಜೀವಿಧಾಮವಾಯಿತು. ಈ ಕಾಡಿನ ಬುಡಕಟ್ಟಿನವರಾದ ಸೋಲಿಗರ ಬೆಟ್ಟದ ಬೇಸಾಯ ನಿಂತಿತು. ಎಷ್ಟೋ ಪೋಡುಗಳ (ಸೋಲಿಗರ ಹಾಡಿಗಳ) ಜನ ಕಾಲೊನಿಗಳಿಗೆ ಬಂದರು. ಯಜಮಾನ, ಕೋಲುಕಾರ, ಚಲವಾದಿ ಎಂಬ ಕುಲದ ವ್ಯವಸ್ಥೆಗೆ ಪಂಚಾಯಿತಿ ಕಾಯ್ದೆಯಲ್ಲಿ ಜಾಗವಿರಲಿಲ್ಲ. ಕರ್ನಾಟಕದಲ್ಲಿ ಸಂವಿಧಾನದ ಐದನೇ ಅನುಸೂಚಿಯ ಪ್ರದೇಶ ಒಂದೂ ಇಲ್ಲದ್ದರಿಂದ ಅಂಥ ಪ್ರದೇಶಗಳ ಗ್ರಾಮಸಭೆಗೆ ಅಧಿಕಾರ ಕೊಡುವ 1996ರ ಪೆಸಾ ಕಾಯ್ದೆಯ ಆಸರೆಯೂ ಸಿಗಲಿಲ್ಲ.

ಈ ಕೊರತೆಯನ್ನು ತಕ್ಕಮಟ್ಟಿಗೆ ತುಂಬಿದ್ದು 2006ರ ಅರಣ್ಯ ಹಕ್ಕು ಕಾಯ್ದೆ. ಅದರಂತೆ ಪೋಡಿಗೂ ತನ್ನದೇ ಗ್ರಾಮಸಭೆಯುಂಟು. ಅದನ್ನು ಮೊದಲು ಕರೆಯಬೇಕಾದದ್ದು ಪಂಚಾಯಿತಿ. ಸೇರಿದ ಸಭೆ 10ರಿಂದ 15 ಜನರ ಅರಣ್ಯ ಹಕ್ಕು ಸಮಿತಿ ಆರಿಸಬೇಕು. ಶಾಲೆ, ಅಂಗನವಾಡಿ, ರಸ್ತೆ, ವಿದ್ಯುತ್ ತಂತಿ, ನೀರಿನ ಕೊಳವೆ ಮೊದಲಾದ 13 ಸೌಕರ್ಯಗಳಿಗೆ, ಒಂದೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿ ಬಳಸಲು ಅವಕಾಶವಿದೆ. ಹೆಕ್ಟೇರಿಗೆ 75 ಮರಗಳಿಗಿಂತ ಹೆಚ್ಚು ಕಡಿಯುವಂತಿಲ್ಲ, ಗ್ರಾಮಸಭೆಯ ಶಿಫಾರಸು ಇರಲೇಬೇಕು. ಪೋಡಿಗೆ ನಲ್ಲಿ ಹಾಕಿಸಲು ಹೊರಟ ಸದಸ್ಯನಿಗೆ ಪಂಚಾಯಿತಿಯ ನಿರ್ಣಯಕ್ಕಿಂತ ಈ ಶಿಫಾರಸೇ ಹೆಚ್ಚು ಕೆಲಸಕ್ಕೆ ಬರುತ್ತದೆ ಎಂದರೆ ತಪ್ಪಾಗದು.

2011ರ ಜನವರಿಯಲ್ಲಿ ಇದೇ ಕಾಡು ಹುಲಿ ಸಂರಕ್ಷಿತ ಪ್ರದೇಶವೆಂದು ಅಧಿಸೂಚನೆಯಾಯಿತು. ಅದೇ ವರ್ಷ ಅಕ್ಟೋಬರ್ 2ರಂದು ಬಿಳಿಗಿರಿರಂಗನ ಬೆಟ್ಟದ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ಜೇನು, ನೆಲ್ಲಿ, ಪಾಸೆ (ಕಲ್ಲುಹೂವು) ಕೂಡಿಸುವುದಕ್ಕೆ ಸೋಲಿಗರಿಗಿದ್ದ ಹಕ್ಕು ಹೀಗೆ ದಾಖಲೆಗೆ ಬಂತು.