ಮುದ್ರಕದ ಆಯ್ಕೆ

ಮುದ್ರಕ (ಪ್ರಿಂಟರ್) ಗಣಕಯಂತ್ರದಲ್ಲಿರುವ ಪಠ್ಯ ಹಾಗೂ ಚಿತ್ರಗಳನ್ನು ಕಾಗದದ ಮೇಲೆ ಮೂಡಿಸುವ ಸಾಧನ. ಮನೆಗಾಗಲಿ ಕಚೇರಿಗಾಗಲಿ ತಕ್ಕ ಮುದ್ರಕ ಯಾವುದೆಂಬುದನ್ನು ಯಂತ್ರದ ಬೆಲೆಗಿಂತ ಹೆಚ್ಚಾಗಿ ತಿಂಗಳಿಗೆ ಬೇಕಾಗುವ ಪುಟಗಳ ಸಂಖ್ಯೆ ಮತ್ತು ಅವುಗಳ ಸ್ವರೂಪ ನಿರ್ಧರಿಸುತ್ತವೆ. ತುಮಕೂರು ನಗರ, ಗುಬ್ಬಿ, ಕುಣಿಗಲ್‌ ಮೊದಲಾದ ಊರುಗಳಲ್ಲಿ ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪರೀಕ್ಷೆಯ ಪ್ರವೇಶಪತ್ರ, ಮಂಡಿಯ ಬಿಲ್ಲು ಇವೆಲ್ಲವೂ ಈಗ ಮುದ್ರಕದಿಂದಲೇ ಹೊರಬರುವುದರಿಂದ ಈ ಆಯ್ಕೆ ಸಾಮಾನ್ಯ ಕುಟುಂಬಕ್ಕೂ ಸಂಬಂಧಿಸಿದ ವಿಷಯವಾಗಿದೆ.

ಬಗೆಗಳು

ಇಂಕ್‌ಜೆಟ್ ಮುದ್ರಕವು ಸೂಕ್ಷ್ಮ ರಂಧ್ರಗಳಿಂದ ದ್ರವ ಶಾಯಿಯನ್ನು ಕಾಗದದ ಮೇಲೆ ಚಿಮ್ಮಿಸುತ್ತದೆ. ಬಣ್ಣದ ಚಿತ್ರಗಳಿಗೂ ಶಾಲಾ ಪ್ರಾಜೆಕ್ಟ್‌ಗಳಿಗೂ ಇದು ಒಪ್ಪುತ್ತದೆ. ವಾರಗಟ್ಟಲೆ ಬಳಸದಿದ್ದರೆ ಶಾಯಿ ಒಣಗಿ ರಂಧ್ರಗಳು ಕಟ್ಟಿಕೊಳ್ಳುವುದು ಇದರ ದೊಡ್ಡ ದೋಷ. ಶಾಯಿಯನ್ನು ಬಾಟಲಿಯಿಂದ ತುಂಬಿಸಿಕೊಳ್ಳುವ ಇಂಕ್ ಟ್ಯಾಂಕ್ ಮುದ್ರಕವೂ ಇದೇ ಜಾತಿಯದು. ಲೇಸರ್ ಮುದ್ರಕವು ಟೋನರ್ ಎಂಬ ಒಣ ಪುಡಿಯನ್ನು ಶಾಖದಿಂದ ಕಾಗದಕ್ಕೆ ಅಂಟಿಸುತ್ತದೆ. ತಿಂಗಳುಗಟ್ಟಲೆ ಸುಮ್ಮನಿದ್ದರೂ ಪುಡಿ ಒಣಗುವ ಪ್ರಶ್ನೆಯಿಲ್ಲ, ಅಕ್ಷರದ ಮೇಲೆ ನೀರು ಬಿದ್ದರೂ ಹರಡುವುದಿಲ್ಲ.

ಡಾಟ್ ಮ್ಯಾಟ್ರಿಕ್ಸ್ ಮುದ್ರಕ ಹಳೆಯದೆಂದು ತಳ್ಳಿಹಾಕುವಂತಿಲ್ಲ. ಸೂಜಿಗಳು ರಿಬ್ಬನ್ನನ್ನು ಬಡಿದು ಅಕ್ಷರ ಮೂಡಿಸುವುದರಿಂದ ಕಾರ್ಬನ್ ಹಾಳೆಗಳ ಮೂಲಕ ಏಕಕಾಲಕ್ಕೆ ಎರಡು ಮೂರು ಪ್ರತಿ ಪಡೆಯುವುದು ಇದರಿಂದಷ್ಟೇ ಸಾಧ್ಯ. ಅಡಿಕೆ, ಕೊಬ್ಬರಿ ವಹಿವಾಟಿನಲ್ಲಿ ಖರೀದಿದಾರನಿಗೊಂದು, ಮಾರಿದವನಿಗೊಂದು, ಅಂಗಡಿಗೊಂದು ಪ್ರತಿ ಬೇಕೆನ್ನುವ ವರ್ತಕರಿಗೆ ಇದೇ ಸೂಕ್ತ.

ಪುಟದ ವೆಚ್ಚ

ಕಾರ್ಟ್ರಿಜ್ ಬೆಲೆಯನ್ನು ಅದು ಕೊಡುವ ಪುಟಗಳಿಂದ ಭಾಗಿಸಿದರೆ ಪುಟವೊಂದರ ವೆಚ್ಚ ದೊರೆಯುತ್ತದೆ. ಲೆಕ್ಕದ ಸಲುವಾಗಿ, 4,000 ರೂಪಾಯಿಯ ಇಂಕ್‌ಜೆಟ್‌ಗೆ 800 ರೂಪಾಯಿಯ ಕಾರ್ಟ್ರಿಜ್ ಬೇಕಾಗಿ ಅದು 160 ಪುಟ ಕೊಡುತ್ತದೆ ಎಂದಿಟ್ಟುಕೊಂಡರೆ ಪುಟಕ್ಕೆ 5 ರೂಪಾಯಿ ಬೀಳುತ್ತದೆ. 12,000 ರೂಪಾಯಿಯ ಇಂಕ್ ಟ್ಯಾಂಕ್ ಮುದ್ರಕದಲ್ಲಿ 400 ರೂಪಾಯಿಯ ಬಾಟಲಿ 4,000 ಪುಟ ಕೊಟ್ಟರೆ ಪುಟಕ್ಕೆ ಬೀಳುವುದು 10 ಪೈಸೆ. ಯಂತ್ರಗಳ ನಡುವಿನ 8,000 ರೂಪಾಯಿ ವ್ಯತ್ಯಾಸ ಸುಮಾರು 1,630 ಪುಟಗಳಲ್ಲಿ ತುಂಬಿಬರುತ್ತದೆ: ತಿಂಗಳಿಗೆ 100 ಪುಟ ತೆಗೆಯುವವರಿಗೆ ಒಂದೂವರೆ ವರ್ಷದೊಳಗೆ, 10 ಪುಟ ತೆಗೆಯುವವರಿಗೆ ಹದಿಮೂರು ವರ್ಷ ಕಳೆದ ಮೇಲೆ. ಅಷ್ಟು ಕಡಿಮೆ ಬಳಸುವ ಮನೆಯವರು ಯಂತ್ರವನ್ನೇ ಕೊಳ್ಳದೆ ಜೆರಾಕ್ಸ್ ಅಂಗಡಿಗೆ ಹೋಗುವುದು ಜಾಣತನ. ಪೆಟ್ಟಿಗೆಯ ಮೇಲೆ ನಮೂದಿಸಿದ ಪುಟಗಳ ಸಂಖ್ಯೆ ಗೊತ್ತುಪಡಿಸಿದ ಮಾದರಿ ಪುಟಗಳನ್ನು ಆಧರಿಸಿದ್ದು. ಹಾಳೆಯ ತುಂಬ ಚಿತ್ರವಿದ್ದರೆ ಶಾಯಿ ಬೇಗ ಮುಗಿಯುತ್ತದೆ.

ಕನ್ನಡ ಮುದ್ರಣ

ಕನ್ನಡದ ಪುಟವು ಮುದ್ರಕದ ಗುಣಮಟ್ಟವನ್ನು ರೋಮನ್ ಲಿಪಿಗಿಂತ ಹೆಚ್ಚು ಪರೀಕ್ಷಿಸುತ್ತದೆ. ಪ ಮತ್ತು ಷ, ಧ ಮತ್ತು ಥ ಅಕ್ಷರಗಳು ಒಳಗಿನ ಒಂದು ಸಣ್ಣ ಗೆರೆ ಅಥವಾ ಚುಕ್ಕೆಯಿಂದಲೇ ಬೇರೆಯಾಗುತ್ತವೆ. ಒತ್ತಕ್ಷರಗಳು ಮೂಲಾಕ್ಷರಕ್ಕಿಂತ ಚಿಕ್ಕದಾಗಿ ಕೆಳಗೆ ಕೂರುತ್ತವೆ. ಶಾಯಿ ಹರಡುವ ತೆಳು ಕಾಗದದಲ್ಲಿ ಅಥವಾ ಶಾಯಿ ಉಳಿಸುವ ಡ್ರಾಫ್ಟ್ ವಿಧಾನದಲ್ಲಿ ಇವು ಮುಚ್ಚಿಹೋಗಿ ಹೆಸರೇ ಬದಲಾದಂತೆ ತೋರಬಹುದು. ಅರ್ಜಿ, ಪತ್ರ, ಕರಾರುಗಳಿಗೆ ಅಂಗುಲಕ್ಕೆ 600 ಚುಕ್ಕೆಗಳ ಲೇಸರ್ ಮುದ್ರಕ ಸಾಕು. ಕೊಳ್ಳುವ ಮುನ್ನ ಅಂಗಡಿಯಲ್ಲೇ ಒತ್ತಕ್ಷರಗಳು ತುಂಬಿದ ಒಂದು ಕನ್ನಡ ಪುಟವನ್ನು ತೆಗೆಸಿ ನೋಡುವುದು ಒಳಿತು.

ಅಕ್ಷರಗಳ ಬದಲು ಅರ್ಥವಿಲ್ಲದ ರೋಮನ್ ಚಿಹ್ನೆಗಳು ಮುದ್ರಣವಾದರೆ ಅನೇಕರು ಮುದ್ರಕವನ್ನು ದೂರುತ್ತಾರೆ, ತಪ್ಪು ಅದರದಲ್ಲ. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ ಕಡತವನ್ನು ಆ ಫಾಂಟ್ ಇಲ್ಲದ ಗಣಕಯಂತ್ರದಲ್ಲಿ ತೆರೆದಾಗ ಹೀಗಾಗುತ್ತದೆ. ಅರ್ಜಿ ಸಲ್ಲಿಸುವ ಕೊನೆಯ ದಿನ ವಿದ್ಯಾರ್ಥಿಗಳು ಪೇಚಿಗೆ ಸಿಲುಕುವುದು ಹೆಚ್ಚಾಗಿ ಇದರಿಂದಲೇ. ಫಾಂಟ್ ಅಡಕವಾಗಿರುವ ಪಿಡಿಎಫ್ ಕಡತವನ್ನು ಒಯ್ದರೆ ಈ ತೊಂದರೆ ಇರುವುದಿಲ್ಲ.

ವಿದ್ಯುತ್, ಕಾಗದ, ದುರಸ್ತಿ

ಲೇಸರ್ ಮುದ್ರಕ ಕಾಯುವಾಗ ಕ್ಷಣಕಾಲ ಬಹಳಷ್ಟು ವಿದ್ಯುತ್ ಎಳೆಯುತ್ತದೆ. 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಆಸುಪಾಸಿನ ಭಾರವನ್ನಷ್ಟೇ ತಾಳುವುದರಿಂದ ಅದಕ್ಕೆ ಲೇಸರ್ ಮುದ್ರಕವನ್ನು ಜೋಡಿಸಬಾರದು. ಇಂಕ್‌ಜೆಟ್‌ಗೆ ಈ ಅಡ್ಡಿಯಿಲ್ಲ. ವಿದ್ಯುತ್ ಆಗಾಗ ಕೈಕೊಡುವ ಹಳ್ಳಿಗಳಿಗೆ ಇದು ಗಮನಾರ್ಹ ಅನುಕೂಲ.

ಎ4 ಹಾಳೆಯ ಅಳತೆ 210×297 ಮಿ.ಮೀ. ಲೀಗಲ್ ಹಾಳೆ 216×356 ಮಿ.ಮೀ. ಇರುವುದರಿಂದ, ಪತ್ರ ಬರಹಗಾರರೂ ವಕೀಲರೂ ಅದು ಹಿಡಿಸುವ ಯಂತ್ರವನ್ನೇ ಕೇಳಿ ಪಡೆಯಬೇಕಾಗುತ್ತದೆ. ಗುಬ್ಬಿ ಅಥವಾ ಕುಣಿಗಲ್‌ನಲ್ಲಿ ನೆಲೆಸಿದವರು ಯಂತ್ರ ಕೆಟ್ಟಾಗ ಅಲ್ಲಿಗೇ ಬಂದು ದುರಸ್ತಿ ಮಾಡುತ್ತಾರೆಯೇ, ಇಲ್ಲವೇ ತುಮಕೂರಿಗೋ ಬೆಂಗಳೂರಿಗೋ ಹೊತ್ತೊಯ್ಯಬೇಕೇ ಎಂಬುದನ್ನು ಕೊಳ್ಳುವ ದಿನವೇ ವಿಚಾರಿಸಿ, ಖಾತರಿ ಪತ್ರದ ಮೇಲೆ ಅಂಗಡಿಯ ಮೊಹರು ಹಾಗೂ ದಿನಾಂಕ ಹಾಕಿಸಿಕೊಳ್ಳಬೇಕು.