ಇಳಿಜಾರು ಜಮೀನಿನಲ್ಲಿ ತುಂತುರು ನೀರಾವರಿ ಸಾಲಿನ ವಿಸ್ತರಣೆ

ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ಯಳಂದೂರು, ಕೊಳ್ಳೇಗಾಲ, ಹನೂರು ತಾಲ್ಲೂಕುಗಳ ರೈತಬಾಂಧವರು ಹಳೆಯ ಸಾಲಿಗೆ ಹೊಸ ಪೈಪು ಜೋಡಿಸುವ ಮುನ್ನ ಕೊನೆಯ ಸ್ಪ್ರಿಂಕ್ಲರ್‌ನಲ್ಲಿ ನೀರಿನ ಒತ್ತಡವನ್ನು ಅಳೆಯಬೇಕು.

ಒತ್ತಡ: ಪ್ರತಿ 10 ಮೀಟರ್ ಏರಿಗೆ ಚದರ ಸೆಂ.ಮೀ.ಗೆ ಸುಮಾರು 1 ಕಿ.ಗ್ರಾಂ. ಒತ್ತಡ ಕುಸಿಯುತ್ತದೆ. ಒಂದೇ ಸಾಲಿನಲ್ಲಿ ಒತ್ತಡದ ವ್ಯತ್ಯಾಸ ಶೇ. 20ನ್ನು ಮೀರಬಾರದು. ಆದ್ದರಿಂದ ಉಪಸಾಲುಗಳನ್ನು ಇಳಿಜಾರಿಗೆ ಅಡ್ಡಲಾಗಿ ಎಳೆಯಿರಿ.

ಅವಧಿ: ಸೆಕೆಂಡಿಗೆ 0.5 ಲೀಟರ್ ಚಿಮ್ಮಿಸುವ ಸ್ಪ್ರಿಂಕ್ಲರ್‌ಗಳನ್ನು 12 × 12 ಮೀ. ಅಂತರದಲ್ಲಿಟ್ಟರೆ ಗಂಟೆಗೆ 12.5 ಮಿ.ಮೀ. ನೀರು ದೊರೆಯುತ್ತದೆ, 25 ಮಿ.ಮೀ.ಗೆ 2 ಗಂಟೆ ಸಾಕು. ನೀರು ಇಂಗದೆ ಹರಿಯತೊಡಗಿದರೆ ನಿಲ್ಲಿಸಿ. ಇಲ್ಲವಾದರೆ ಮೇಲ್ಮಣ್ಣು ಕೊಚ್ಚಿಹೋಗುತ್ತದೆ.

ಒತ್ತಡ ಸಾಲದಿದ್ದರೆ: ಎಲ್ಲ ಸ್ಪ್ರಿಂಕ್ಲರ್‌ಗಳನ್ನು ಒಮ್ಮೆಲೇ ತೆರೆಯಬೇಡಿ. ನೀರು ಹತ್ತಿರದಲ್ಲೇ ಬಿದ್ದು ನಡುವಿನ ಬೆಳೆ ಬಾಡುತ್ತದೆ. ಗೇಟ್‌ವಾಲ್ವ್ ಅಳವಡಿಸಿ, ಗಾಳಿ ಕಡಿಮೆಯಿರುವ ಬೆಳಗಿನ ವೇಳೆ ಸರದಿಯಂತೆ ನೀರುಣಿಸಿ.